716ರ ಗೋಡೆ: ನ್ಯೂಟ್ರಾನ್ ನಕ್ಷತ್ರಗಳು ಇದಕ್ಕಿಂತ ಜೋರಾಗಿ ಯಾಕೆ ತಿರುಗುತ್ತಿಲ್ಲ?

ಮೊಬೈಲಿಗೆ ಟೋನ್ ಜನರೇಟರ್ ಅನ್ನುವ ಆ್ಯಪ್ ಸಿಗುತ್ತದೆ. ಎಷ್ಟು ಹರ್ಟ್ಸ್ (ಅಂದರೆ ಸೆಕೆಂಡಿಗೆ ಎಷ್ಟು ಕಂಪನ) ಬೇಕೋ ಅಷ್ಟನ್ನು ಒತ್ತಿದರೆ ಆ ಸ್ವರ ಹೊರಡುತ್ತದೆ. ಮೊನ್ನೆ ಸುಮ್ನೆ ಅದರಲ್ಲಿ 716 ಅಂತ ಒತ್ತಿ ನೋಡಿದೆ. ಹಾರ್ಮೋನಿಯಂ ಮೇಲೆ ಹುಡುಕಿದರೆ ಅದು ಮೇಲಿನ ಸ್ಥಾಯಿಯ ಬಿಳಿ ನಾಲ್ಕಕ್ಕೂ ಕಪ್ಪು ಮೂರಕ್ಕೂ ನಡುವೆ ಸಿಕ್ಕಿಹಾಕಿಕೊಂಡ ಸ್ವರ. ಯಾವ ಮನೆಗೂ ಸೇರದ್ದು. ಯಾವ ಭಾಗವತರೂ ಇದನ್ನು ಶ್ರುತಿಯಾಗಿ ಇಟ್ಟುಕೊಳ್ಳಲಾರರು.

ಆದರೆ ಧನು ರಾಶಿಯ ದಿಕ್ಕಿನಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿಯುವ ಗಟ್ಟಿ ತಿರುಳು, ಇದೇ ಶ್ರುತಿಯಲ್ಲಿ ತಿರುಗುತ್ತಿದೆ. ಸೆಕೆಂಡಿಗೆ 716 ಸುತ್ತು. ಟರ್ಜಾನ್ 5 ಎಂಬ ನಕ್ಷತ್ರಗುಚ್ಛದಲ್ಲಿರುವ ಇದನ್ನು 2004ರಲ್ಲಿ ಜೇಸನ್ ಹೆಸೆಲ್ಸ್ ಮತ್ತು ಸಂಗಡಿಗರು ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕದಿಂದ ಹಿಡಿದರು. ಅಂದಿನಿಂದ ಇಂದಿನವರೆಗೆ ಅದರ ದಾಖಲೆ ಮುರಿದಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, 2024ರಲ್ಲಿ, ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಗೌರವ ಜೈಸ್ವಾಲ್ ಮತ್ತು ಜೊತೆಗಾರರು ಇನ್ನೊಂದು ನಕ್ಷತ್ರದ ಬಗ್ಗೆ ಬರೆದರು. ಅದೂ ಧನು ರಾಶಿಯ ಕಡೆಯೇ. ಇನ್ನೊಂದು ನಕ್ಷತ್ರಗುಚ್ಛ, ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರ. ಹೆಸರು 4ಯು 1820-30. ಈ ಸಲ ಸಿಕ್ಕಿದ್ದು ರೇಡಿಯೊದಲ್ಲಲ್ಲ, ಎಕ್ಸ್-ರೇಯಲ್ಲಿ. ಸಿಕ್ಕಿದ ಸಂಖ್ಯೆ ಮಾತ್ರ ಮತ್ತೆ 716.

ಈ ಕಾಕತಾಳೀಯವನ್ನು ನೋಡಿ ಹುಬ್ಬೇರಿಸುವುದು ಸುಲಭ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಸಂಖ್ಯೆಯಾಗಿದ್ದು ಅಷ್ಟು ದೊಡ್ಡ ಸಂಗತಿಯಲ್ಲ. 720, 750, 900ರಲ್ಲಿ ಏನೂ ಸಿಗದೇ ಇರುವುದು ದೊಡ್ಡ ಸಂಗತಿ.

ಮೊದಲು ಈ ವೇಗ ಎಂಥದ್ದು ಅಂತ ನೋಡೋಣ. ಸೆಕೆಂಡಿಗೆ 716 ಅಂದರೆ ನಿಮಿಷಕ್ಕೆ 42,960 ಸುತ್ತು. ಅಡುಗೆಮನೆಯ ಮಿಕ್ಸಿಯನ್ನು ಮೂರಕ್ಕೆ ತಿರುಗಿಸಿದರೂ ಖಾಲಿ ಜಾರಿನಲ್ಲಿ 20 ಸಾವಿರದ ಆಸುಪಾಸು ಅಷ್ಟೆ. ಮಿಕ್ಸಿಯ ಬ್ಲೇಡ್ ಬೆರಳುದ್ದ. ನ್ಯೂಟ್ರಾನ್ ನಕ್ಷತ್ರದ ಅಡ್ಡಳತೆ ಸುಮಾರು 24 ಕಿಲೋಮೀಟರ್, ಬೆಂಗಳೂರಿನೊಳಗೆ ಕೂರಿಸಬಹುದು. ತೂಕ ನಮ್ಮ ಸೂರ್ಯನಿಗಿಂತ ಜಾಸ್ತಿ, ಹೆಚ್ಚಾಗಿ ಒಂದೂವರೆ ಸೂರ್ಯನ ಹತ್ತಿರ. ಇಂಥದ್ದು ಸೆಕೆಂಡಿಗೆ 716 ಸಲ ತಿರುಗಿದರೆ ಅದರ ನಡುಪಟ್ಟಿಯ ಮೇಲಿನ ಒಂದು ಬಿಂದು ಸೆಕೆಂಡಿಗೆ 54 ಸಾವಿರ ಕಿಲೋಮೀಟರ್ ಓಡುತ್ತಿರುತ್ತದೆ. ಬೆಳಕಿನ ವೇಗದ ಶೇ 18. ನಮ್ಮ ಭೂಮಿಯನ್ನು ಸುತ್ತಿ ಬರಲು ಅದಕ್ಕೆ ಒಂದು ಸೆಕೆಂಡೂ ಬೇಡ.

ಹಾಗಿದ್ದೂ ನಕ್ಷತ್ರ ಚೂರುಚೂರಾಗುವುದಿಲ್ಲ. ಅದರ ಗುರುತ್ವ ಅಷ್ಟು ಬಿಗಿ. ಲೆಕ್ಕ ಹಾಕಿದರೆ ನ್ಯೂಟ್ರಾನ್ ನಕ್ಷತ್ರ ಸಿಡಿದು ಹೋಗುವ ಮಿತಿ ಸೆಕೆಂಡಿಗೆ ಸುಮಾರು 1000 ಸುತ್ತು, ಅದಕ್ಕೂ ಮೇಲೆ ಇರಬಹುದು. ಒಳಗಿನ ವಸ್ತು ಎಷ್ಟು ಗಟ್ಟಿ, ನಕ್ಷತ್ರ ಎಷ್ಟು ಚಿಕ್ಕದು ಅನ್ನುವುದರ ಮೇಲೆ ಅದು ನಿಂತಿದೆ. ಅಂದರೆ 716ರ ಮೇಲೆ ಇನ್ನೂ ಸಾಕಷ್ಟು ಜಾಗ ಖಾಲಿ ಇದೆ. ಆ ಖಾಲಿ ಜಾಗಕ್ಕೆ ಯಾರೂ ಯಾಕೆ ಹೋಗಿಲ್ಲ?

ಇದಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಅನುಮಾನ ಬಗೆಹರಿಯಬೇಕು. ಜೋರಾಗಿ ತಿರುಗುವವು ನಿಜಕ್ಕೂ ಇಲ್ಲವೋ, ಅಥವಾ ನಮ್ಮ ಕಣ್ಣಿಗೆ ಬೀಳುತ್ತಿಲ್ಲವೋ? ಎಕ್ಸ್-ರೇ ಬೇಕಾಗುವುದು ಇಲ್ಲೇ.

ಇಂಥ ನಕ್ಷತ್ರ ತಿರುಗಿದಂತೆ ಅದರ ರೇಡಿಯೊ ಅಲೆ ಮಿಡಿತ ಮಿಡಿತವಾಗಿ ನಮಗೆ ಬರುತ್ತದೆ. ಈ ರೇಡಿಯೊ ಅಲೆಗಳಿಗೆ ಒಂದು ತೊಂದರೆ ಇದೆ. ನಕ್ಷತ್ರಗಳ ನಡುವೆ ತೇಲುವ ಇಲೆಕ್ಟ್ರಾನುಗಳ ಮೂಲಕ ಬರುವಾಗ ಮಿಡಿತ ಹರಡಿಕೊಳ್ಳುತ್ತದೆ. ಒಂದು ಮಿಡಿತಕ್ಕೂ ಮುಂದಿನದಕ್ಕೂ ಸಾಕಷ್ಟು ಅಂತರವಿದ್ದರೆ ಪರವಾಗಿಲ್ಲ. ಅಂತರ ಒಂದು ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇಂಥ ಎಷ್ಟೋ ನಕ್ಷತ್ರಗಳ ಜೊತೆ ಇನ್ನೊಂದು ನಕ್ಷತ್ರ ಸುತ್ತುತ್ತಿರುತ್ತದೆ, ಆ ಜೊತೆಗಾರನಿಂದ ಹೊರಟ ಅನಿಲವೂ ರೇಡಿಯೊವನ್ನು ಆಗಾಗ ಮುಚ್ಚಿಹಾಕುತ್ತದೆ. ಹಾಗಾಗಿ ರೇಡಿಯೊದಲ್ಲಿ 1000 ಹರ್ಟ್ಸ್‌ನದ್ದು ಸಿಗಲಿಲ್ಲ ಅಂದರೆ ಅದು ಇಲ್ಲ ಅಂತ ಹೇಳಲಾಗದು. ಎಕ್ಸ್-ರೇಗೆ ಈ ಹರಡುವ ಕಾಟ ಇಲ್ಲ. ಅದರ ಕಷ್ಟವೇ ಬೇರೆ. ನಮ್ಮ ವಾತಾವರಣ ಅದನ್ನು ಪೂರ್ತಿ ನುಂಗಿಬಿಡುತ್ತದೆ, ಹಾಗಾಗಿ ಉಪಕರಣವನ್ನು ಮೇಲಕ್ಕೆ ಕಳಿಸಲೇಬೇಕು.

ಕಳಿಸಿದ ಮೇಲೆ ಸಿಗುವುದಾದರೂ ಏನು? ಚಿತ್ರ ಸಿಗುತ್ತದೆ ಅಂದುಕೊಂಡವರಿಗೆ ನಿರಾಸೆಯಾದೀತು. ಸಿಗುವುದು ಒಂದು ಉದ್ದನೆಯ ಪಟ್ಟಿ. ಈ ಫೋಟಾನು (ಬೆಳಕಿನ ಕಣ) ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡು, ದಶಾಂಶದ ಮುಂದೆ ಇಷ್ಟಕ್ಕೆ ಬಂತು ಅನ್ನುವ ಹಾಜರಿ ಪುಸ್ತಕ. ಪ್ರತಿ ಸೆಕೆಂಡಿಗೆ 5000 ಫೋಟಾನು ಬಂದರೂ, 716 ಸುತ್ತಿಗೆ ಹಂಚಿದರೆ ಒಂದು ಸುತ್ತಿಗೆ ಏಳೇ ಏಳು. ಏಳು ಚುಕ್ಕೆ ನೋಡಿ ಇದು ಮಿನುಗುತ್ತಿದೆ ಅಂತ ಯಾರೂ ಹೇಳಲಾರರು.

ಸೀರೆಯ ನೆರಿಗೆ ನೆನಪಿಸಿಕೊಳ್ಳಿ. ಸೆರಗಿನಿಂದ ಒಡಲವರೆಗೆ ಸಮ ಅಂತರದಲ್ಲಿ ಬುಟ್ಟಾ ಇದೆ ಅಂದುಕೊಳ್ಳಿ. ನೆರಿಗೆಯ ಅಗಲ ಆ ಅಂತರಕ್ಕೆ ಸರಿಯಾಗಿ ಕೂತರೆ ಬುಟ್ಟಾಗಳೆಲ್ಲ ಒಂದರ ಮೇಲೊಂದು ಬಂದು ನಿಲ್ಲುತ್ತವೆ. ಅಗಲ ಕೂದಲೆಳೆಯಷ್ಟು ತಪ್ಪಿದರೂ ಹತ್ತನೇ ನೆರಿಗೆಯ ಹೊತ್ತಿಗೆ ಎಲ್ಲ ಚೆಲ್ಲಾಪಿಲ್ಲಿ. ಖಗೋಳ ವಿಜ್ಞಾನಿಗಳು ಫೋಟಾನುಗಳ ಪಟ್ಟಿಯನ್ನು ಹೀಗೇ ಮಡಿಸುತ್ತಾರೆ. ಬೇರೆ ಬೇರೆ ಅಗಲದಲ್ಲಿ ಮಡಿಸಿ ನೋಡುವುದು, ಯಾವುದೋ ಒಂದು ಅಗಲದಲ್ಲಿ ಚುಕ್ಕೆಗಳೆಲ್ಲ ಒಂದೇ ಕಡೆ ಗುಂಪಾದರೆ ಅದೇ ನಕ್ಷತ್ರದ ಒಂದು ಸುತ್ತಿನ ಕಾಲ. ಅವರೂ ಇದಕ್ಕೆ ಮಡಿಸುವುದು ಅಂತಲೇ ಅನ್ನುತ್ತಾರೆ.

ತೊಡಕು ಏನೆಂದರೆ ಸೀರೆಯೇ ಎಳೆದಾಡುತ್ತಿರುತ್ತದೆ. ಭೂಮಿ ಸೂರ್ಯನ ಸುತ್ತ ಹೋಗುತ್ತಿರುವುದರಿಂದ, ಒಂದೇ ನಕ್ಷತ್ರದ ಬೆಳಕು ವರ್ಷದ ಒಂದು ತುದಿಯಲ್ಲಿ ಬರುವುದಕ್ಕೂ ಇನ್ನೊಂದು ತುದಿಯಲ್ಲಿ ಬರುವುದಕ್ಕೂ 16 ನಿಮಿಷದವರೆಗೆ ವ್ಯತ್ಯಾಸ ಬೀಳುತ್ತದೆ. ಉಪಗ್ರಹ ಭೂಮಿಯ ಸುತ್ತ ಓಡುತ್ತದೆ. ಆ ನಕ್ಷತ್ರವೂ ತನ್ನ ಜೊತೆಗಾರನ ಸುತ್ತ ಓಡುತ್ತಿರುತ್ತದೆ. 4ಯು 1820-30ರ ಜೊತೆಗಾರ ಒಂದು ಶ್ವೇತ ಕುಬ್ಜ, ಅಂದರೆ ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ತಿರುಳು. ಇವೆರಡೂ ಒಂದನ್ನೊಂದು ಸುತ್ತಲು ತೆಗೆದುಕೊಳ್ಳುವುದು ಬರೀ 11 ನಿಮಿಷ ಚಿಲ್ಲರೆ. ಇದನ್ನೆಲ್ಲ ಕಳೆದು, ಸೀರೆಯನ್ನು ನೇರ ಮಾಡಿ, ಆಮೇಲೆ ನೆರಿಗೆ ಹಿಡಿಯಬೇಕು.

ಈ ಕೆಲಸ ಶುರುವಾದದ್ದು ಸಾವಕಾಶವಾಗಿ ತಿರುಗುವ ನಕ್ಷತ್ರಗಳಿಂದ. 1970ರ ಡಿಸೆಂಬರ್ 12ರಂದು ಕೀನ್ಯಾದ ಕರಾವಳಿಯಿಂದ ಒಂದು ಉಪಗ್ರಹ ಹಾರಿತು. ಅವತ್ತು ಆ ದೇಶದ ಸ್ವಾತಂತ್ರ್ಯ ದಿನ, ಹಾಗಾಗಿ ಉಪಗ್ರಹಕ್ಕೆ ಉಹುರು ಅಂತ ಹೆಸರಿಟ್ಟರು. ಸ್ವಾಹಿಲಿಯಲ್ಲಿ ಉಹುರು ಅಂದರೆ ಸ್ವಾತಂತ್ರ್ಯ. ಮುಂದಿನ ವರ್ಷವೇ ಅದು ಸೆಂಟಾರಸ್ ಎಕ್ಸ್-3 ಎಂಬ ನಕ್ಷತ್ರ 4.8 ಸೆಕೆಂಡಿಗೊಮ್ಮೆ ಎಕ್ಸ್-ರೇಯಲ್ಲಿ ಮಿನುಗುವುದನ್ನು ತೋರಿಸಿತು. ಈ ಮಿನುಗು ಎಲ್ಲಿಂದ ಬರುತ್ತದೆ? ಜೊತೆಗಾರ ನಕ್ಷತ್ರದ ಅನಿಲ ನ್ಯೂಟ್ರಾನ್ ನಕ್ಷತ್ರದ ಕಡೆ ಸುರಿಯುತ್ತದೆ. ಕಾಂತಕ್ಷೇತ್ರ ಅದನ್ನು ಹಿಡಿದು ಎರಡು ಧ್ರುವಗಳಿಗೆ ಸಾಗಿಸುತ್ತದೆ. ಬಿದ್ದ ಜಾಗ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಕಾರುತ್ತದೆ. ನಕ್ಷತ್ರ ತಿರುಗಿದಂತೆ ಆ ಕಾದ ಜಾಗ ನಮ್ಮ ಕಡೆಗೊಮ್ಮೆ ಬರುತ್ತದೆ, ಮರೆಗೊಮ್ಮೆ ಹೋಗುತ್ತದೆ. ಕಾವಲಿ ಮೇಲೆ ಒಂದೇ ಕಡೆ ಉರಿ ತಾಗಿದ ಹಾಗೆ.

ಇಲ್ಲಿ ಕಥೆಗೆ ಕರ್ನಾಟಕ ಬರುತ್ತದೆ, ಅದೂ ಎರಡು ಕಡೆಯಿಂದ. 1982ರಲ್ಲಿ ಡಾನ್ ಬೇಕರ್ ತಂಡ ಸೆಕೆಂಡಿಗೆ 642 ಸಲ ತಿರುಗುವ ರೇಡಿಯೊ ಪಲ್ಸಾರ್ (ರೇಡಿಯೊದಲ್ಲಿ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಒಂದನ್ನು ಪತ್ತೆ ಮಾಡಿತು. ಮಿಲಿಸೆಕೆಂಡಿನ ಲೆಕ್ಕದಲ್ಲಿ ತಿರುಗುವ ಮೊದಲ ಪಲ್ಸಾರ್ ಅದು. ತಂಡದಲ್ಲಿದ್ದ ಬರ್ಕ್ಲಿ ವಿದ್ಯಾರ್ಥಿ ಶ್ರೀನಿವಾಸ ಕುಲಕರ್ಣಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿಯವರೆಗಿನ ತಿಳಿವಳಿಕೆ ಏನಿತ್ತು ಅಂದರೆ, ಪಲ್ಸಾರ್ ಹುಟ್ಟುವಾಗ ಜೋರಾಗಿ ತಿರುಗುತ್ತದೆ, ವಯಸ್ಸಾದಂತೆ ಕುಂದುತ್ತದೆ. 1054ರಲ್ಲಿ ಚೀನಾದವರು ಕಂಡ ಸ್ಫೋಟದಿಂದ ಹುಟ್ಟಿದ ಏಡಿ ನೀಹಾರಿಕೆಯ ಪಲ್ಸಾರ್ ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತಾ ಹಾಗೇ ಕುಂದುತ್ತಿದೆ. 642 ಸುತ್ತಿನದ್ದು ಇನ್ನೂ ಹಸುಗೂಸಾಗಿರಬೇಕಿತ್ತು. ಆದರೆ ಅದರ ಸುತ್ತ ಸ್ಫೋಟದ ಅವಶೇಷವೇ ಇರಲಿಲ್ಲ.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಅದೇ ವರ್ಷ ಒಂದು ಚಿಕ್ಕ ಪ್ರಬಂಧ ಬರೆದರು. ಪ್ರಕಟಿಸಿದ್ದೂ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ. ಅವರು ಹೇಳಿದ್ದು ಇಷ್ಟು: ಇದು ಮಗುವಲ್ಲ, ಮುದುಕ. ಜೊತೆಗಾರ ನಕ್ಷತ್ರದಿಂದ ಸುರಿದ ಅನಿಲ ಇದನ್ನು ಮತ್ತೆ ತಿರುವಿದೆ. ಹಾಗಿದ್ದರೆ ಇದರ ಕಾಂತಕ್ಷೇತ್ರ ತೀರಾ ಬಡಕಲಾಗಿರಬೇಕು, ವೇಗ ಕುಂದುವುದೂ ತುಂಬಾ ನಿಧಾನವಾಗಿರಬೇಕು. ಆಮೇಲೆ ಅಳೆದಾಗ ಹಾಗೇ ಇತ್ತು. ಅಲ್ಪಾರ್ ಮತ್ತು ಜೊತೆಗಾರರು ಹೊರದೇಶದಲ್ಲಿ ಇದೇ ಮಾತನ್ನು ಅದೇ ಸಮಯಕ್ಕೆ ಬೇರೆಯಾಗಿ ಹೇಳಿದ್ದರು. ಇಂಥ ಪಲ್ಸಾರ್‌ಗಳಿಗೆ ಇವತ್ತು ಜಗತ್ತೆಲ್ಲ ರೀಸೈಕಲ್ಡ್ ಪಲ್ಸಾರ್ ಅನ್ನುತ್ತದೆ. ನಮ್ಮ ಕಡೆಯ ಮಾತಲ್ಲಿ, ನಿಲ್ಲಲು ಬಂದ ಬುಗುರಿಗೆ ಮತ್ತೆ ಚಾಟಿ ಸುತ್ತಿ ಬಿಟ್ಟಿದ್ದು.

ಕಲ್ಪನೆ ಚೆನ್ನಾಗಿತ್ತು. ಆದರೆ ಚಾಟಿ ಸುತ್ತುವುದನ್ನು ಕಣ್ಣಾರೆ ಕಂಡವರಿಲ್ಲ. ಅನಿಲ ಸುರಿಯುತ್ತಿರುವಾಗಲೇ ಮಿಲಿಸೆಕೆಂಡ್ ವೇಗದಲ್ಲಿ ತಿರುಗುವ ನಕ್ಷತ್ರ ಬೇಕಿತ್ತು, ಅದು ಎಕ್ಸ್-ರೇಯಲ್ಲಿ ಮಾತ್ರ ಕಾಣುವಂಥದ್ದು. ಹದಿನಾರು ವರ್ಷ ಹುಡುಕಿದರು. 1998ರ ಏಪ್ರಿಲ್‌ನಲ್ಲಿ ನಾಸಾದ ಆರ್‌ಎಕ್ಸ್‌ಟಿಇ ಉಪಗ್ರಹದ ದತ್ತಾಂಶದಲ್ಲಿ ರೂಡಿ ವೈನಾಂಡ್ಸ್ ಮತ್ತು ಮೈಕೆಲ್ ವಾನ್ ಡೆರ್ ಕ್ಲಿಸ್‌ಗೆ ಅದು ಸಿಕ್ಕಿತು. ಸ್ಯಾಕ್ಸ್ ಜೆ1808 ಎಂಬ ನಕ್ಷತ್ರ, ಸೆಕೆಂಡಿಗೆ 401 ಸುತ್ತು, ಎರಡು ಗಂಟೆಯ ಕಕ್ಷೆ. 2013ರಲ್ಲಿ ಇನ್ನೂ ಸೊಗಸಾದದ್ದು ಸಿಕ್ಕಿತು. ಎಂ28 ನಕ್ಷತ್ರಗುಚ್ಛದ ಒಂದು ನಕ್ಷತ್ರ ಮೊದಲು ರೇಡಿಯೊ ಪಲ್ಸಾರ್ ಆಗಿತ್ತು, ಆಮೇಲೆ ಅನಿಲ ಸುರಿದು ಎಕ್ಸ್-ರೇ ಪಲ್ಸಾರ್ ಆಯಿತು, ಕೆಲವೇ ವಾರಗಳಲ್ಲಿ ಮತ್ತೆ ರೇಡಿಯೊಗೆ ಮರಳಿತು. ಎರಡು ವೇಷ, ಒಂದೇ ಪಾತ್ರ. ಅದರೊಂದಿಗೆ ವಾದ ಮುಗಿಯಿತು ಅನ್ನಬಹುದು.

ಹಾಗಾದರೆ ಈಗಿನ ಪ್ರಶ್ನೆ ಇನ್ನೂ ಚೂಪಾಗುತ್ತದೆ. ಚಾಟಿ ಇದೆ, ಕೋಟ್ಯಂತರ ವರ್ಷ ಸಮಯ ಇದೆ, ಬುಗುರಿ ಯಾಕೆ 1000 ಮುಟ್ಟುವುದಿಲ್ಲ?

ಇಲ್ಲಿ ಎಕ್ಸ್-ರೇ ಸ್ಫೋಟಗಳು ನೆರವಿಗೆ ಬಂದವು. ಸುರಿದ ಹೈಡ್ರೋಜನ್, ಹೀಲಿಯಂ ನಕ್ಷತ್ರದ ಮೈಮೇಲೆ ಪದರವಾಗಿ ಕೂರುತ್ತದೆ. ಸಾಕಷ್ಟು ಕೂತ ಮೇಲೆ ಒಂದೇ ಸಲ ಬಾಂಬಿನಂತೆ ಸಿಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಸ್ಯಾಕ್ಸ್ ಜೆ1808ರ ಮೇಲೆ ನಡೆದ ಒಂದು ಸ್ಫೋಟ 20 ಸೆಕೆಂಡಿನಲ್ಲಿ ಉಗುಳಿದ ಶಕ್ತಿಯನ್ನು ಸೂರ್ಯ ಉಗುಳಲು ಹತ್ತಿರ ಹತ್ತಿರ ಹತ್ತು ದಿನ ಬೇಕು. ಬೆಂಕಿ ಒಂದು ಕಡೆ ಹೊತ್ತಿಕೊಂಡು ಹರಡುವುದರಿಂದ, ಕೆಲವು ಸೆಕೆಂಡುಗಳ ಕಾಲ ನಕ್ಷತ್ರದ ಒಂದು ಭಾಗ ಹೆಚ್ಚು ಬೆಳಗುತ್ತದೆ. ನಕ್ಷತ್ರ ತಿರುಗಿದಂತೆ ಅದು ಮಿನುಗುತ್ತದೆ. ಕಾಂತಕ್ಷೇತ್ರ ಬಡಕಲಾಗಿ ಧ್ರುವದ ಕಾದ ಜಾಗ ಕಾಣದಿದ್ದರೂ, ಸ್ಫೋಟದ ಹೊತ್ತಲ್ಲಿ ನಕ್ಷತ್ರ ತನ್ನ ವೇಗವನ್ನು ಬಿಟ್ಟುಕೊಡುತ್ತದೆ. ಈ ಮಿನುಗು ನಿಜವಾಗಿ ತಿರುಗುವ ವೇಗವೇ ಹೌದಾ ಅಂತ ಅನುಮಾನ ಇತ್ತು. ಸ್ಯಾಕ್ಸ್ ಜೆ1808ರ ಸ್ಫೋಟದಲ್ಲೂ 401 ಸಿಕ್ಕಾಗ ಅನುಮಾನ ಹೋಯಿತು.

2003ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೀಪ್ತೊ ಚಕ್ರವರ್ತಿ ಮತ್ತು ಜೊತೆಗಾರರು ಹೀಗೆ ಸ್ಫೋಟದಲ್ಲಿ ಮಿನುಗಿದ 11 ನಕ್ಷತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲವೂ 270ರಿಂದ 619 ಹರ್ಟ್ಸ್ ನಡುವೆ. ಆರ್‌ಎಕ್ಸ್‌ಟಿಇಗೆ 2000 ಹರ್ಟ್ಸ್ ಮಿನುಗನ್ನೂ ಹಿಡಿಯುವ ತಾಕತ್ತಿತ್ತು. ಆದರೂ ಮೇಲೆ ಏನೂ ಇರಲಿಲ್ಲ. ಸಂಖ್ಯಾಶಾಸ್ತ್ರದ ಪ್ರಕಾರ ಮಿತಿ ಸುಮಾರು 760 ಹರ್ಟ್ಸ್ ಹತ್ತಿರ ಇರಬೇಕು ಅಂತ ಅವರು ತೀರ್ಮಾನಿಸಿದರು. ಇಡೀ ವಿಷಯದಲ್ಲಿ ನನಗೆ ಅತ್ಯಂತ ತೂಕದ ಸಾಕ್ಷಿ ಅನ್ನಿಸುವುದು ಇದೇ. ಬಲೆಯ ಕಣ್ಣು ಸಣ್ಣದಿದ್ದೂ ಮೀನು ಬೀಳಲಿಲ್ಲ ಅಂದರೆ ಆ ಕಡೆ ಮೀನೇ ಕಡಿಮೆ. 4ಯು 1820-30ರ 716 ನಿಜವಾದರೂ ಈ ಗೋಡೆ ಒಡೆಯುವುದಿಲ್ಲ, ಅದಕ್ಕೆ ಬೆನ್ನು ತಾಗಿಸಿ ನಿಂತಂತೆ ಆಗುತ್ತದೆ ಅಷ್ಟೆ.

ಗೋಡೆ ಕಟ್ಟಿದವರು ಯಾರು ಅನ್ನುವುದಕ್ಕೆ ಮುಖ್ಯವಾಗಿ ಎರಡು ಉತ್ತರ ಚಾಲ್ತಿಯಲ್ಲಿವೆ.

ಮೊದಲನೆಯದು ಕಾಂತಕ್ಷೇತ್ರ. ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗುವ ಚಕ್ರ ಇರುತ್ತದಲ್ಲ, ಅದನ್ನು ಹಿಡಿದು ಪಕ್ಕದಲ್ಲಿ ಓಡುತ್ತಾ ತಳ್ಳುತ್ತೀರಿ ಅಂದುಕೊಳ್ಳಿ. ಚಕ್ರ ನಿಮಗಿಂತ ನಿಧಾನವಿದ್ದಾಗ ತಳ್ಳಿದಂತೆ ವೇಗ ಏರುತ್ತದೆ. ಚಕ್ರವೇ ನಿಮ್ಮ ಓಟವನ್ನು ಮೀರಿತೋ, ಹಿಡಿದ ಕೈ ಅದಕ್ಕೆ ಬ್ರೇಕ್ ಆಗುತ್ತದೆ. ನಕ್ಷತ್ರದ ಸುತ್ತ ತಟ್ಟೆಯಂತೆ ಸುತ್ತುತ್ತಾ ಒಳಗೆ ಬೀಳುವ ಅನಿಲ ಓಡುವವರು, ಕಾಂತಕ್ಷೇತ್ರ ಕೈ. ಇದು ಬರೀ ಊಹೆಯಲ್ಲ. 7.7 ಸೆಕೆಂಡಿಗೊಮ್ಮೆ ತಿರುಗುವ 4ಯು 1626-67 ಎಂಬ ಎಕ್ಸ್-ರೇ ಪಲ್ಸಾರ್ 1990ರವರೆಗೆ ವೇಗ ಏರಿಸಿಕೊಳ್ಳುತ್ತಿತ್ತು, ಆಮೇಲೆ 2008ರವರೆಗೆ ಇಳಿಸಿಕೊಂಡಿತು, ಮತ್ತೆ ಏರಿಸಿತು, 2023ರಲ್ಲಿ ಮತ್ತೆ ಇಳಿಯತೊಡಗಿತು. ಅನಿಲ ಬೀಳುತ್ತಲೇ ಇತ್ತು. ಸುರಿದ ಮಾತ್ರಕ್ಕೆ ವೇಗ ಏರಲೇಬೇಕು ಅಂತಿಲ್ಲ ಅನ್ನುವುದು ಇದರಲ್ಲಿ ಕಣ್ಣಿಗೇ ಕಾಣುತ್ತದೆ.

ಎರಡನೆಯದು ಗುರುತ್ವದ ಅಲೆ, ಅಂದರೆ ಭಾರದ ವಸ್ತು ಅಲುಗಾಡಿದಾಗ ಆಕಾಶದಲ್ಲೇ ಏಳುವ ಅಲೆ. ನಕ್ಷತ್ರ ಪೂರ್ತಿ ದುಂಡಗಿದ್ದರೆ ತೊಂದರೆಯಿಲ್ಲ. ಮೈಮೇಲೆ ಒಂದು ಕಡೆ ಚಿಕ್ಕ ಉಬ್ಬು ಇದ್ದರೂ ಸಾಕು, ತಿರುಗುವಾಗ ಗುರುತ್ವದ ಅಲೆ ಹೊರಟು ಶಕ್ತಿ ಸೋರುತ್ತದೆ. ಲಾರ್ಸ್ ಬಿಲ್ಡ್‌ಸ್ಟೆನ್ 1998ರಲ್ಲಿ ಈ ವಾದ ಮುಂದಿಟ್ಟರು. ಇದರ ಬ್ರೇಕ್ ವಿಚಿತ್ರ. ವೇಗ ಎರಡರಷ್ಟಾದರೆ ಬ್ರೇಕ್ 32 ಪಟ್ಟು ಬಿಗಿಯಾಗುತ್ತದೆ. 400ರಲ್ಲಿ ಗೊತ್ತೇ ಆಗದ ಹಿಡಿತ 800ರಲ್ಲಿ ಮುಂದೆ ಹೋಗಲು ಬಿಡುವುದಿಲ್ಲ. ಗೋಡೆಯಂತೆ ಕಾಣುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಕೊರತೆ ಒಂದೇ, ಅಂಥ ಸತತ ಅಲೆಯನ್ನು ಗುರುತ್ವದ ಅಲೆ ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೋ ಇವತ್ತಿನವರೆಗೆ ಹಿಡಿದಿಲ್ಲ. ಅಲ್ಲಿಯವರೆಗೆ ನಾನಂತೂ ಕಾಂತಕ್ಷೇತ್ರದ ಪಕ್ಷ.

ಇನ್ನು ಎಚ್ಚರಿಕೆಯ ಮಾತು. 2007ರಲ್ಲಿ ಎಕ್ಸ್‌ಟಿಇ ಜೆ1739-285 ಎಂಬ ನಕ್ಷತ್ರದ ಒಂದು ಸ್ಫೋಟದಲ್ಲಿ 1122 ಹರ್ಟ್ಸ್ ಮಿನುಗು ಸಿಕ್ಕಿತು ಅಂತ ಪ್ರಕಟವಾಯಿತು. ದೊಡ್ಡ ಸುದ್ದಿ. ನಿಜವಾಗಿದ್ದರೆ ಗೋಡೆಯ ಮಾತೇ ಇರುತ್ತಿರಲಿಲ್ಲ, ನ್ಯೂಟ್ರಾನ್ ನಕ್ಷತ್ರ ಎಷ್ಟು ಚಿಕ್ಕದಿರಬೇಕು ಅನ್ನುವ ಲೆಕ್ಕವನ್ನೂ ಹೊಸದಾಗಿ ಬರೆಯಬೇಕಿತ್ತು. ಆದರೆ 1122 ಮತ್ತೆ ಯಾರಿಗೂ ಸಿಗಲಿಲ್ಲ. 2020ರಲ್ಲಿ ಅದೇ ನಕ್ಷತ್ರ ಮತ್ತೆ ಎದ್ದಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ನೈಸರ್ ದೂರದರ್ಶಕ ನೋಡಿತು. ಸಿಕ್ಕಿದ್ದು 386. ಸಾವಿರಾರು ಅಗಲದಲ್ಲಿ ನೆರಿಗೆ ಹಿಡಿದು ನೋಡಿದರೆ, ಒಂದಲ್ಲ ಒಂದು ಕಡೆ ಬುಟ್ಟಾ ತಾನಾಗಿ ಕೂಡಿದಂತೆ ಕಾಣುವುದು ಇದ್ದದ್ದೇ.

4ಯು 1820-30ಕ್ಕೂ ಇದೇ ಅಳತೆ ಹಾಕಬೇಕು. ನೈಸರ್ ಇದರಲ್ಲಿ 15 ಸ್ಫೋಟಗಳನ್ನು ನೋಡಿದೆ, 716 ಸಿಕ್ಕಿದ್ದು ಒಂದರಲ್ಲಿ. ಬರೆದವರೇ ಇದನ್ನು ಸಂಭಾವ್ಯ ಅಂತ ಕರೆದಿದ್ದಾರೆ. ಅದು ಸರಿಯಾದ ಮಾತು. ಆದರೆ ಸುದ್ದಿಯಲ್ಲಿ ಓದುವಾಗ ಆ ಪದ ಮೊದಲು ಉದುರಿಹೋಗುತ್ತದೆ, ಅಲ್ವಾ? ಇನ್ನೊಂದು ಸ್ಫೋಟದಲ್ಲಿ ಅದೇ 716 ಬರಬೇಕು. 1975ರಲ್ಲಿ ನೆದರ್‌ಲೆಂಡ್ಸ್‌ನ ಉಪಗ್ರಹವೊಂದು ಇಂಥ ಸ್ಫೋಟವನ್ನು ಗುರುತಿಸಿದ್ದೇ ಈ ನಕ್ಷತ್ರದಲ್ಲಿ, ಹಾಗಾಗಿ ಸಿಡಿಯುವುದಂತೂ ಗ್ಯಾರಂಟಿ. ನೋಡುವ ಕಣ್ಣು ಬೇಕಷ್ಟೆ. ನೈಸರ್‌ಗೆ 2023ರ ಮೇನಲ್ಲಿ ತೂತು ಬಿದ್ದು ಬಿಸಿಲು ಒಳಗೆ ಬರತೊಡಗಿತ್ತು. 2025ರ ಜನವರಿಯಲ್ಲಿ ಗಗನಯಾತ್ರಿ ನಿಕ್ ಹೇಗ್ ಹೊರಗೆ ನಡೆದು ಹೋಗಿ ತೇಪೆ ಹಾಕಿ ಬಂದರು.

ನಮ್ಮ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಕೂಡ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹೋದ ಇದರಲ್ಲಿ ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ ಕಟ್ಟಿದ ಲ್ಯಾಕ್ಸ್‌ಪಿಸಿ ಎಂಬ ಎಕ್ಸ್-ರೇ ಉಪಕರಣ ಇದೆ. ಪ್ರತಿ ಫೋಟಾನು ಬಂದ ಹೊತ್ತನ್ನು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ನಿಖರವಾಗಿ ಬರೆದಿಡುತ್ತದೆ. 4ಯು 1728-34 ನಕ್ಷತ್ರದ ಸ್ಫೋಟದಲ್ಲಿ 363 ಹರ್ಟ್ಸ್ ಮಿನುಗನ್ನು ಇದು ಹಿಡಿದಿದೆ. ಸ್ಫೋಟದ ಮಿನುಗು ಜಗತ್ತಿಗೆ ಮೊದಲು ಗೊತ್ತಾದದ್ದು 1996ರಲ್ಲಿ ಇದೇ ನಕ್ಷತ್ರದಿಂದ, ಇದೇ 363. ಇಪ್ಪತ್ತು ವರ್ಷದ ಮೇಲೆ, ಬೇರೆ ದೇಶದ, ಬೇರೆ ಉಪಕರಣಕ್ಕೆ ಅದೇ ಸಂಖ್ಯೆ. 1122ಕ್ಕೆ ದಕ್ಕದೆ ಹೋದದ್ದು ಇದೇ. 2024ರ ಜನವರಿ 1ರಂದು ಹೋದ ಇಸ್ರೋದ ಇನ್ನೊಂದು ಎಕ್ಸ್-ರೇ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪಾಲಿಕ್ಸ್ ಉಪಕರಣ ತಯಾರಾದದ್ದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಬುಗುರಿಗೆ ಮತ್ತೆ ಚಾಟಿ ಸುತ್ತುವ ಮಾತು ಹುಟ್ಟಿದ ಅದೇ ಆವರಣದಲ್ಲಿ.

ಕೊನೆಗೆ ಒಂದು ಬಾಕಿ ಲೆಕ್ಕ. 1962ರಲ್ಲಿ ಚಂದ್ರನ ಎಕ್ಸ್-ರೇ ನೋಡಲು ಹೋದ ಅಮೆರಿಕದ ಪುಟ್ಟ ರಾಕೆಟ್ಟೊಂದು ಅಚಾನಕ್ಕಾಗಿ ವೃಶ್ಚಿಕ ರಾಶಿಯ ಕಡೆ ಒಂದು ಭಾರೀ ಬೆಳಕನ್ನು ಕಂಡಿತು. ಅದೇ ಸ್ಕಾರ್ಪಿಯಸ್ ಎಕ್ಸ್-1. ಸೌರಮಂಡಲದಾಚೆ ನಮಗೆ ಸಿಕ್ಕಿದ ಮೊದಲ ಎಕ್ಸ್-ರೇ ಮೂಲ. ಸೂರ್ಯನನ್ನು ಬಿಟ್ಟರೆ ಆಕಾಶದಲ್ಲಿ ಸದಾ ಇಷ್ಟು ಪ್ರಕಾಶವಾಗಿ ಎಕ್ಸ್-ರೇ ಬೀರುವುದು ಇನ್ನೊಂದಿಲ್ಲ. ಅದೂ ನ್ಯೂಟ್ರಾನ್ ನಕ್ಷತ್ರವೇ, ಅದರ ಮೇಲೂ ಅನಿಲ ಸುರಿಯುತ್ತಲೇ ಇದೆ. ಗುರುತ್ವದ ಅಲೆ ಹುಡುಕುವವರ ಪಟ್ಟಿಯಲ್ಲಿ ಅದಕ್ಕೇ ಮೊದಲ ಮಣೆ. ಆದರೆ ಯಾವ ಶ್ರುತಿಗೆ ಕಿವಿ ಕೊಡಬೇಕು ಅಂತ ಗೊತ್ತಿಲ್ಲದೆ ಅವರು ಎಲ್ಲ ಮನೆಗಳನ್ನೂ ಒಂದೊಂದಾಗಿ ತಡಕಬೇಕಾಗಿದೆ. ಆರು ದಶಕ ದಾಟಿದರೂ, ಇಷ್ಟೆಲ್ಲ ಉಪಗ್ರಹಗಳು ನೋಡಿದರೂ, ಸ್ಕಾರ್ಪಿಯಸ್ ಎಕ್ಸ್-1 ಒಮ್ಮೆಯೂ ಮಿನುಗಿಲ್ಲ.